ಮದ್ರಮ್ಮನ ಸಂಜೆಯ ಮಾತು

ಧರ್ಮಾಸ್ಪತ್ರೆಯ ಮದ್ರಮ್ಮನಿಗೆ ಮಾತು ಹೋಯಿತಂತೆ ಎಂಬ ಸುದ್ದಿ ಕಡಬದ ಸಂತೆಯಲ್ಲಿ ಹುಟ್ಟಿ, ಮೀನಿನ ಬುಟ್ಟಿ, ಮೆಣಸಿನ ಮೂಟೆಗಳ ಜೊತೆಗೆ ದೋಣಿ ಹತ್ತಿ ಹೊಳೆಯಾಚೆಗೂ ಹೋಯಿತು. ದಾರಿಯಲ್ಲಿ ನಿಲ್ಲಿಸಿ ಕೇಳಿದವರಿಗೆಲ್ಲ ಸೇವಂತಿ ಒಂದೇ ಉತ್ತರ ಕೊಡುತ್ತಿದ್ದಳು.

"ಮಾತು ಹೋಗಲಿಲ್ಲ ಮಾರಾಯ್ರೆ. ಮಾತು ಬೇಕಾದಷ್ಟು ಉಂಟು. ಹೋದದ್ದು ನಮ್ಮ ಮಾತು ಮಾತ್ರ."

ಸಂಗತಿ ಹಾಗೆಯೇ ಇತ್ತು. ಮದರ್ ಇನ್ಯೆಸ್ ಎಂಬ ಆ ಕನ್ಯಾಸ್ತ್ರೀ ದೂರದ ಸ್ಪೇನ್ ದೇಶದ ಯಾವುದೋ ಬೆಟ್ಟದ ಊರಿನವರು. ದೊಡ್ಡ ಯುದ್ಧಕ್ಕೆ ಮೊದಲೇ ಇಲ್ಲಿಗೆ ಬಂದವರು ಮತ್ತೆ ತಿರುಗಿ ಹೋಗಿರಲಿಲ್ಲ. ಊರವರ ಬಾಯಲ್ಲಿ ಅವರು ಮದ್ರಮ್ಮ ಆದರು. ಕನ್ನಡ ಕಲಿತರು, ತುಳು ಕಲಿತರು. ಅವರ ಕನ್ನಡದಲ್ಲಿ ಎಮ್ಮೆ ‘ಬಂದರು’, ತಹಶೀಲ್ದಾರರು ‘ಬಂತು’. ಯಾರೂ ನಗಲಿಲ್ಲವೆಂದಲ್ಲ, ನಕ್ಕವರಿಗೂ ಅವರೇ ಮದ್ದು ಕೊಟ್ಟರು. ಆ ವರ್ಷ ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಗಾಯದ ಪಟ್ಟಿ ಸುತ್ತುತ್ತಿದ್ದವರು ಕುಸಿದು ಬಿದ್ದರು. ಪುತ್ತೂರಿನಿಂದ ಬಂದ ಡಾಕ್ಟರು ನೋಡಿ, "ಪ್ರಾಣಕ್ಕೆ ಈಗಲೇ ಭಯ ಇಲ್ಲ. ಬಲಭಾಗ ಏಳುದು ಕಷ್ಟ. ದೊಡ್ಡವರಾದ ಮೇಲೆ ಕಲಿತ ಭಾಷೆಯೆಲ್ಲ ತಲೆಯಿಂದ ಅಳಿಸಿಹೋದ ಹಾಗೆ ಕಾಣ್ತದೆ. ತಾಯಿಯ ಬಾಯಿಂದ ಕಲಿತದ್ದು ಉಳಿದಿದೆ" ಎಂದರು.

ಆಸ್ಪತ್ರೆ ಎಂದರೆ ದೊಡ್ಡದೇನಲ್ಲ. ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಹಂಚು ಹೊದೆಸಿದ ಎರಡು ಕೋಣೆ, ಮುಂದೆ ಜಗಲಿ, ಜಗಲಿಯಲ್ಲಿ ಕಾಯುವವರಿಗೆ ಒಂದು ಮರದ ಬೆಂಚು. ಮದ್ದು ಕೊಡಲಿಕ್ಕೆ ಮಂಗಳೂರು ಕಡೆಯ ಸಿಸ್ಟರ್ ಸೆರಾಫಿನಾ ಇದ್ದರು. ಉಳಿದ ಕೆಲಸಕ್ಕೆಲ್ಲ ಸೇವಂತಿ. ಐವರ್ನಾಡಿನ ಗೌಡರ ಮನೆಯ ಹೆಣ್ಣು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಸೇರಿದವಳು. ಅವಳ ಕೋಣೆಯಲ್ಲಿ ಸುಬ್ರಹ್ಮಣ್ಯನ ಪಟ, ಮದ್ರಮ್ಮನ ಕೋಣೆಯಲ್ಲಿ ಶಿಲುಬೆ. ಸಂಜೆ ಎರಡಕ್ಕೂ ದೀಪ ಹಚ್ಚುವ ಕೈ ಒಂದೇ.

ಹಗಲೆಲ್ಲ ಮದ್ರಮ್ಮ ಸುಮ್ಮನೆ ಇರುತ್ತಿದ್ದರು. ಗಂಜಿ ಕೊಟ್ಟರೆ ಕುಡಿಯುತ್ತಿದ್ದರು, ಅವರ ಭಾಷೆಯಲ್ಲಿ ಏನೋ ಒಂದು ಸಣ್ಣದು ಹೇಳಿ ಕಣ್ಣು ಮುಚ್ಚುತ್ತಿದ್ದರು. ಆದರೆ ಹೊತ್ತು ಕಂತುವಾಗ ಒಂದು ತಳಮಳ ಶುರು. ಎಡಗೈಯನ್ನು ಬಾಗಿಲಿನ ಕಡೆಗೆ ಚಾಚಿ, ಸೇವಂತಿಯ ಮುಖವನ್ನೇ ನೋಡಿ ಕೇಳುವರು: "ಕೇದಾ ಆಲ್ಗ್ಯೆನ್ ಫ್ವೇರಾ?"

ಉತ್ತರ ಬಾರದಿದ್ದರೆ ಮತ್ತೆ ಕೇಳುವರು. ಆಮೇಲೆ ಏಳಲು ನೋಡುವರು. ಕೊನೆಗೆ ದಣಿದು, ಕಣ್ಣಂಚು ಒದ್ದೆಯಾಗಿ, ನಿದ್ದೆಗೆ ಜಾರುವರು. ಆ ನಿದ್ದೆ ನೆಮ್ಮದಿಯದ್ದಲ್ಲ ಎಂದು ಹಾಸಿಗೆ ಸರಿಮಾಡುವವಳಿಗೆ ಗೊತ್ತಾಗದೆ ಇರುತ್ತದೆಯೆ?

"ಎಂತದ್ದೋ ಆಸೆ ಉಂಟು ಅವರಿಗೆ," ಎಂದಳು ಸೇವಂತಿ.

"ಇರಬಹುದು," ಎಂದರು ಸಿಸ್ಟರ್. "ನನಗೆ ಲ್ಯಾಟಿನ್ ಪ್ರಾರ್ಥನೆ ಬರ್ತದೆ, ಇಂಗ್ಲಿಷು ಬರ್ತದೆ. ಇದು ಯಾವುದೂ ಅಲ್ಲ."

ಆಸೆ ಎಂಬ ಮಾತು ಸೇವಂತಿಗೆ ಮುಳ್ಳು. ಅವಳ ಅತ್ತೆ ಕೊನೆಗಾಲದಲ್ಲಿ ಹಲಸಿನ ಹಣ್ಣು ಕೇಳಿದ್ದರು. ಹಲಸಿನ ಕಾಲವಲ್ಲ. ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬಾಯಿಗೆ ನೀರು ಬಿಟ್ಟು ಕಳಿಸಿದರು. ಈಗಲೂ ಹಲಸು ಹಣ್ಣಾಗಿ ಪರಿಮಳ ಬಂದರೆ ಸೇವಂತಿ ಮೂಗು ಮುಚ್ಚಿಕೊಳ್ಳುತ್ತಾಳೆ. ಇನ್ನೊಬ್ಬರನ್ನು ಹಾಗೆ ಕಳಿಸಬಾರದು ಎಂದು ಅವಳು ಅಂದೇ ನಿಶ್ಚಯಿಸಿದಳು: ಮದ್ರಮ್ಮನ ಭಾಷೆ ಕಲಿಯಬೇಕು.

ಭಾಷೆ ಕಲಿಯುವುದು ಅವಳಿಗೆ ಹೆದರಿಕೆಯ ವಿಷಯವಲ್ಲ. ಮನೆಯಲ್ಲಿ ಅರೆಭಾಷೆ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನೆರೆಮನೆಯ ಸಫಿಯಮ್ಮನ ಅಡಿಗೆಮನೆಯಲ್ಲಿ ಬ್ಯಾರಿ, ಸಿಸ್ಟರುಗಳ ಜೊತೆ ಕೊಂಕಣಿ, ರಬ್ಬರು ಹಾಕಲು ಬಂದ ತಿರುವಾಂಕೂರಿನವರ ಜೊತೆ ಮಲೆಯಾಳ. ಯಾವುದನ್ನೂ ಅವಳು ಕೂತು ಕಲಿತದ್ದಲ್ಲ, ಕಲಿತೆ ಎಂದು ಗೊತ್ತಾದದ್ದೂ ಇಲ್ಲ. ಇನ್ನೊಂದು ಎಷ್ಟರದ್ದು? ದೀಪಾವಳಿಯ ಒಳಗೆ ಆದೀತು.

ಕಲಿಸುವವರು ಯಾರು ಎಂದು ವಿಚಾರಿಸಿದಾಗ ಸಫಿಯಮ್ಮ ಹೇಳಿದಳು, "ಪೇಟೆಯ ಕುಂಞಿ ಮೋನಾಕನನ್ನು ಕೇಳು. ಹಡಗಿನಲ್ಲಿ ಲೋಕ ಸುತ್ತಿದ ಜನ."

ಊರವರ ಬಾಯಲ್ಲಿ ಮೋನಾಕ ಆದ ಕುಂಞಿ ಮೋನು ಮುದುಕ ಬ್ಯಾರಿ. ಪ್ರಾಯದಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಅಡಿಗೆ ಕೆಲಸ ಮಾಡಿದವನು. ಈಗ ಕಡಬ ಪೇಟೆಯಲ್ಲಿ ಒಣಮೀನು, ಬೆಲ್ಲ, ಹಗ್ಗ ಮಾರುತ್ತಾನೆ. ಸೇವಂತಿಯ ಮಾತು ಕೇಳಿ ಅವನ ಕಣ್ಣು ಅರಳಿತು. ಎಷ್ಟೋ ವರ್ಷದಿಂದ ಯಾರೂ ಕೇಳದ ಸಂಗತಿ!

"ಬರ್ತದೆ ಸೇವಂತಿಯಕ್ಕ, ಯಾಕೆ ಬರುದಿಲ್ಲ! ಅಮೇರಿಕದ ಕೆಳಗಿನ ಬಂದರುಗಳಲ್ಲಿ ಅದೇ ಭಾಷೆ. ನೀರಿಗೆ ಆಗ್ವಾ, ರೊಟ್ಟಿಗೆ ಪಾನ್, ಹಾಲಿಗೆ ಲೇಚೆ. ಒಂದು, ಎರಡು, ನೂರರವರೆಗೆ ಎಣಿಸ್ತೇನೆ. ಹಗ್ಗ ಎಳಿ, ಹಗ್ಗ ಬಿಡು, ಅದೂ ಬರ್ತದೆ."

"ಮತ್ತೆ?"

"ಮತ್ತೆ ಬಾಕಿ ಇರುವುದೆಲ್ಲ ಬೈಗುಳ. ಅದು ಮದ್ರಮ್ಮನ ಎದುರು ಹೇಳುವ ಹಾಗಿಲ್ಲ. ನಿಮ್ಮ ಎದುರೂ ಇಲ್ಲ." ಅವನು ಗಡ್ಡ ತೀಡಿದ. "ಮೊದಲು ಎರಡು ಮಾತು ಕಲಿಯಿರಿ. ದೆಸ್ಪಾಸ್ಯೋ, ಅಂದರೆ ಮೆಲ್ಲ. ಓತ್ರಾ ವೇಸ್, ಅಂದರೆ ಇನ್ನೊಮ್ಮೆ. ಈ ಎರಡು ಇದ್ದರೆ ಯಾವ ಬಂದರಿನಲ್ಲೂ ಹಸಿದು ಸಾಯ್ಲಿಕ್ಕಿಲ್ಲ."

ಸೇವಂತಿ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದಳು. ಆ ಸಂಜೆ ಮದ್ರಮ್ಮ ಕೇಳಿದಾಗ, "ಆಗ್ವಾ?" ಎಂದಳು.

ಮದ್ರಮ್ಮನ ಮುಖದಲ್ಲಿ ಬೆಳಕು ಬಂತು! ಬತ್ತಿ ಏರಿಸಿದ ಲಾಟೀನಿನಂತೆ. ಅವರು ಸೇವಂತಿಯ ಕೈ ಹಿಡಿದು, ಮಾತಾಡಿದರು. ಮಾತಾಡಿದರು, ಮಾತಾಡಿದರು. ಅಣೆಕಟ್ಟು ಒಡೆದ ಹಾಗೆ. ಸೇವಂತಿ "ದೆಸ್ಪಾಸ್ಯೋ" ಎಂದಳು, "ಓತ್ರಾ ವೇಸ್" ಎಂದಳು. ಅವರು ಮೆಲ್ಲನೆ ಹೇಳಿದರು, ಇನ್ನೊಮ್ಮೆ ಹೇಳಿದರು. ಮೆಲ್ಲನೆ ಹೇಳಿದರೂ ತಿಳಿಯದ್ದು ತಿಳಿಯಲಿಲ್ಲ. ನೀರು ಕೊಟ್ಟರೆ ತಲೆ ಅಲ್ಲಾಡಿಸಿದರು. ಹಾಲು ಬೇಡ. ರೊಟ್ಟಿ ಬೇಡ. ಮತ್ತೆ ಬಾಗಿಲಿಗೆ ಕೈ, ಮತ್ತೆ ಅದೇ ಮಾತು.

ಮರುದಿನ ಅಂಗಡಿಯಲ್ಲಿ ಅವಳ ದೂರು. "ನಾನು ಕೇಳುವುದು ಸುಲಭ ಮೋನಾಕ. ಅವರು ಹೇಳುವುದು ತಿಳಿಯಬೇಕಲ್ಲ? ಆ ಸಂಜೆಯ ಮಾತು ನನ್ನ ಬಾಯಲ್ಲಿ ನಿಮಗೂ ತಿಳಿಯುದಿಲ್ಲ. ಮತ್ತೆ ನೀವು ಕಲಿಸಿದ ‘ದೆಸ್ಪಾಸ್ಯೋ’ವನ್ನು ಅವರು ನಾಲಿಗೆ ಹಲ್ಲಿಗೆ ಸಿಕ್ಕಿಸಿ ‘ದೆಸ್ಪಾಥ್ಯೋ’ ಅಂತಾರೆ."

"ಅವರದ್ದು ಮೂಲದ ಊರು, ನಾನು ಕಲಿತದ್ದು ಸಮುದ್ರದಾಚೆಯದ್ದು. ಸುಳ್ಯದ ತುಳುವೂ ಉಡುಪಿಯ ತುಳುವೂ ಒಂದೇ ಹಾಗೆ ಉಂಟಾ? ಅದಕ್ಕೆಲ್ಲ ತಲೆ ಬಿಸಿ ಮಾಡ್ಬೇಡಿ."

ತಲೆ ಬಿಸಿ ಮಾಡಲು ಬೇರೆ ಸಂಗತಿಯೇ ಹುಟ್ಟಿಕೊಂಡಿತು. ಡೊಂಬಯ್ಯ ಎಂಬ ಹೊಳೆಬದಿಯ ರೈತನ ಎಮ್ಮೆ ಕಾಣೆಯಾಗಿತ್ತು. ಮೊಮ್ಮಗನಿಗೆ ಕೆಮ್ಮಿನ ಮದ್ದು ಕೇಳಲು ಬಂದವನು ಬಾಗಿಲಲ್ಲಿ ನಿಂತಿದ್ದಾಗ ಮದ್ರಮ್ಮ ಕೈ ಚಾಚಿ ಆ ಮಾತು ಹೇಳಿದರು. ಡೊಂಬಯ್ಯ ಹೆಗಲ ಬಟ್ಟೆ ಸೊಂಟಕ್ಕೆ ಕಟ್ಟಿ, ಕೈ ಮುಗಿದು, ಆ ಕೈ ತೋರಿಸಿದ ದಿಕ್ಕಿಗೆ ನೆಟ್ಟಗೆ ನಡೆದ. ಎಮ್ಮೆ ಅಲ್ಲೇ ಒಂದು ಪೊದೆಯಲ್ಲಿ ಮೇಯುತ್ತಿತ್ತು.

ಅರಿಯದ ಭಾಷೆ, ಸಂಜೆಯ ಹೊತ್ತು, ಚಾಚಿದ ಕೈ. ದೈವದ ನುಡಿ ಕೇಳಿ ಬೆಳೆದ ಊರಿಗೆ ಇನ್ನೇನು ಬೇಕು? ವಾರ ಕಳೆಯುವುದರೊಳಗೆ ಹೊತ್ತು ಕಂತುವಾಗ ಜಗಲಿ ತುಂಬತೊಡಗಿತು. ಮಗಳ ಮದುವೆ ಯಾವಾಗ, ಬಾವಿ ಎಲ್ಲಿ ತೋಡುವುದು, ದಾಯಾದಿಯ ವ್ಯಾಜ್ಯ ಎಂತಾಗ್ತದೆ. ಮದ್ರಮ್ಮ ಎಲ್ಲರಿಗೂ ಒಂದೇ ನುಡಿ ಕೊಟ್ಟರು. ಎಲ್ಲರೂ ತಮಗೆ ಬೇಕಾದ ಅರ್ಥ ಮಡಿಲಲ್ಲಿ ಕಟ್ಟಿಕೊಂಡು ಹೋದರು. ಯೇಸುವೇ, ಎಂದು ಸಿಸ್ಟರ್ ಸೆರಾಫಿನಾ ಹಣೆ ಒತ್ತಿಕೊಂಡರು.

"ನೀನಾದರೂ ಹೇಳಬಾರದಾ ಡೊಂಬಯ್ಯ," ಎಂದು ಸೇವಂತಿ ಗದರಿದಳು, "ಅವರು ಹುಷಾರಿಲ್ಲದ ಮನುಷ್ಯರು ಅಂತ?"

"ನಾನು ಎಂತ ಹೇಳುದು? ಎಮ್ಮೆ ಸಿಕ್ಕಿದ್ದು ಸುಳ್ಳಾ?" ಎಂದ ಡೊಂಬಯ್ಯ.

ಅಷ್ಟರಲ್ಲಿ ರಬ್ಬರು ತೋಟದ ಗುಮಾಸ್ತ ತೀರ್ಥರಾಮನ ಮನೆಯ ರೇಡಿಯೋದಲ್ಲಿ ಲೋಕದ ಎಲ್ಲ ಭಾಷೆಯೂ ಬರುತ್ತದೆ ಎಂದು ಯಾರೋ ಹೇಳಿದರು. ಸೇವಂತಿ ಒಂದು ಭಾನುವಾರ ಅಲ್ಲಿಗೂ ಹೋದಳು. ತೀರ್ಥರಾಮ ಗುಂಡಿ ತಿರುಗಿಸಿ ತಿರುಗಿಸಿ, ಕೊರಕೊರ ಸದ್ದಿನ ನಡುವೆ ಒಬ್ಬ ಗಂಡಸಿನ ಧ್ವನಿ ಹಿಡಿದುಕೊಟ್ಟ. "ಇದೇ ಇರಬೇಕು ಸೇವಂತಿಯಕ್ಕ, ಕೇಳಿ."

ಅವಳು ಕಣ್ಣು ಮುಚ್ಚಿ ಕೇಳಿದಳು. ಮಾತಿನ ಏರಿಳಿತ ಮದ್ರಮ್ಮನದ್ದೇ. ಹೌದು, ಇದೇ. ಆದರೆ ಆಷಾಢದ ಕುಮಾರಧಾರೆಯ ಹಾಗೆ ಅದು ಹರಿದುಹೋಯಿತು. ಅದರೊಳಗೆ ಒಂದು ಆಗ್ವಾ, ಒಂದು ಪಾನ್ ಕೈಗೆ ಸಿಗಲಿಲ್ಲ. ಮರಳಿ ಬರುವಾಗ ಅವಳು ತನ್ನ ಆರು ಭಾಷೆಗಳು ಹೇಗೆ ಬಂದವು ಎಂದು ಮೊದಲ ಸಲ ಯೋಚಿಸಿದಳು. ಒಂದೊಂದರ ಹಿಂದೆಯೂ ಎಷ್ಟು ಜನ, ಎಷ್ಟು ಜಗಳ, ಎಷ್ಟು ಮದುವೆ ಮನೆ, ಎಷ್ಟು ವರ್ಷ! ಇಲ್ಲಿ ಇರುವುದು ಒಬ್ಬ ಮುದುಕಿ, ಅರ್ಧ ನಾಲಿಗೆ.

ಮದ್ರಮ್ಮನನ್ನು ನೋಡಲು ಪುತ್ತೂರಿನಿಂದ ಮುದಿ ಪಾದ್ರಿಗಳು ಬಂದಾಗ ಅವಳು ಅದನ್ನೇ ಹೇಳಿಕೊಂಡಳು. ಪಾದ್ರಿಗಳಿಗೆ ಲ್ಯಾಟಿನ್ ಚೆನ್ನಾಗಿ ಗೊತ್ತು. ಅದೂ ಇದೂ ಒಂದೇ ಮನೆತನದ ಭಾಷೆಯಂತೆ. ಅವರು ಮದ್ರಮ್ಮನ ಜೊತೆ ಬಹಳ ಹೊತ್ತು ಕೂತು ಒಟ್ಟಿಗೆ ಪ್ರಾರ್ಥನೆ ಮಾಡಿದರು. ಪ್ರಾರ್ಥನೆಯೆಲ್ಲ ಕೂಡಿ ಬಂತು. ಸಂಜೆಯ ಮಾತಿನ ಹೊತ್ತಿಗೆ ಅವರ ಬಸ್ಸು ಹೊರಟಾಗಿತ್ತು. ಹೋಗುವ ಮೊದಲು ಚೀಲದಿಂದ ಮದ್ರಮ್ಮನ ಭಾಷೆಗೆ ಇಂಗ್ಲಿಷಿನಲ್ಲಿ ಅರ್ಥ ಬರೆದ ಒಂದು ಪದಕೋಶ ತೆಗೆದು ಸಿಸ್ಟರಿಗೆ ಕೊಟ್ಟರು.

"ದೀಪಾವಳಿಗೆ ಕಲಿತು ಮುಗಿಸ್ತೇನೆ ಅಂದಿದ್ದೆ ಫಾದರ್," ಎಂದಳು ಸೇವಂತಿ. "ನನಗೆ ನಾಚಿಕೆ ಆಗ್ತದೆ."

ಪಾದ್ರಿಗಳು ನಕ್ಕರು. "ನಾನು ಲ್ಯಾಟಿನ್ ಶುರು ಮಾಡಿ ಐವತ್ತು ವರ್ಷ ಆಯ್ತು. ಇನ್ನೂ ಕಲಿಯುದು ಉಂಟು. ಒಂದು ದೇಶದ ಭಾಷೆ ನಿನಗೆ ಯಾಕೆ ಮಗಾ? ಅಲ್ಲಿಯ ಪೇಪರು ಓದ್ಲಿಕ್ಕುಂಟಾ, ಕೋರ್ಟಿಗೆ ಹೋಗ್ಲಿಕ್ಕುಂಟಾ? ಇವರೊಬ್ಬರ ಭಾಷೆ ಕಲಿ. ಅದು ಈ ಕೋಣೆಯಷ್ಟೇ ದೊಡ್ಡದು. ಪುಸ್ತಕ ಆಮೇಲೆ ನೋಡು. ಯಾವ ಹೊತ್ತಿಗೆ ಎಂತ ಹೇಳ್ತಾರೆ, ಅದನ್ನು ನೋಡು."

ಈ ಮಾತು ಸೇವಂತಿಯ ಮನಸ್ಸಿಗೆ ತಣ್ಣಗೆ ಇಳಿಯಿತು. ಅಂದಿನಿಂದ ಅವಳು ಹೊತ್ತಿಗೆ ಕಿವಿಗೊಟ್ಟಳು. ಬೆಳಿಗ್ಗೆ ಕಿಟಕಿ ತೆರೆದಾಗ ಒಂದು ಮಾತು: ಅದು ಬೆಳಕಿಗೆ ಸೇರಿದ್ದು. ಕಾಲು ತೊಳೆದಾಗ ಒಂದು: ಅದು ಬಿಸಿನೀರಿಗೋ, ತಣ್ಣೀರಿಗೋ. ಗಂಜಿ ಕುಡಿದ ಮೇಲಿನದ್ದು ಉಪಕಾರದ ಮಾತು. ಅವಳೂ ಅದನ್ನೇ ತಿರುಗಿ ಹೇಳಿದಳು. ಮದ್ರಮ್ಮ ನಕ್ಕರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು, ಆದರೂ ನಗು ಪೂರ್ತಿ. ದೇವರು ಸೃಷ್ಟಿಯ ದಿನ ಒಂದೊಂದೇ ಹೆಸರು ಹೇಳಿ ಒಂದೊಂದೇ ವಸ್ತು ತಂದ ಹಾಗೆ ಆ ಕೋಣೆಯಲ್ಲಿ ದಿನಕ್ಕೊಂದು ಮಾತು ಹುಟ್ಟಿತು.

ಆದರೆ ಸಂಜೆಯದ್ದು ಮಾತ್ರ ಗಂಟು.

ಸಿಸ್ಟರ್ ಪದಕೋಶ ತಿರುವಿ ಒಂದು ತುದಿ ಹಿಡಿದರು. "ಫ್ವೇರಾ ಅಂದರೆ ಹೊರಗೆ. ಉಳಿದದ್ದರ ಅಕ್ಷರ ಹೇಗೋ, ಸಿಗುದಿಲ್ಲ."

ಸೇವಂತಿ ಅದನ್ನು ಅಂಗಡಿಯಲ್ಲಿ ಹೇಳಿದಾಗ ಕುಂಞಿ ಮೋನು ತಕ್ಷಣ ಹೂಂಗುಟ್ಟಿದ. "ಹೌದೌದು. ಬಂದರಿನಲ್ಲಿ ಕಾವಲಿನವರು ನಮ್ಮನ್ನು ಓಡಿಸುವಾಗ ‘ಫ್ವೇರಾ, ಫ್ವೇರಾ’ ಅಂತಿದ್ದರು. ಹೊರಗೆ ಹೋಗಿ ಅಂತ. ಪಾಪ, ಆ ನುಡಿ ಕೇಳುವ ಜನರನ್ನು ಹೊರಗೆ ಹಾಕಿ ಅಂತಾರೋ ಎಂತ್ಸ!"

ಸಿಸ್ಟರಿಗೂ ಅದು ಸರಿ ಎನಿಸಿತು. ಮದ್ರಮ್ಮ ಬಿದ್ದಂದಿನಿಂದ ಮದ್ದು, ಇಂಜೆಕ್ಷನು, ಆರೈಕೆ ಎಲ್ಲ ಅವರೊಬ್ಬರ ತಲೆಯ ಮೇಲೆ. ಅವರು ಆಗಲೇ ಬಾಗಿಲನ್ನು ಬೇಗ ಹಾಕತೊಡಗಿದ್ದರು. ಈಗ ಹೊತ್ತು ಕಂತುವ ಮೊದಲೇ ಜಗಲಿ ಖಾಲಿ ಮಾಡಿಸಿ, ಗೇಟಿಗೂ ಚಿಲಕ ಹಾಕಿಸಿದರು. ನುಡಿ ಕೇಳಲು ಬಂದವರು ಗೊಣಗುತ್ತ ಹೋದರು. ಹೊರಗೆ ನಿಶ್ಶಬ್ದವಾಯಿತು.

ಮದ್ರಮ್ಮನ ತಳಮಳ ಇಮ್ಮಡಿಯಾಯಿತು. ಒಂದು ಸಂಜೆ ಮಂಚದಿಂದ ಇಳಿಯಲು ಹೋಗಿ ಬಿದ್ದೇಬಿಟ್ಟರು. ಡಾಕ್ಟರು ಬಂದು, ಹೀಗೆ ಇನ್ನೊಮ್ಮೆ ಬಿದ್ದರೆ ಕಷ್ಟ ಎಂದರು.

ಏನೂ ತಿಳಿಯದಿದ್ದಾಗಲೇ ಚೆನ್ನಾಗಿತ್ತು, ಒಂದು ಮಾತು ತಿಳಿದು ಕೆಟ್ಟೆವು ಎನಿಸಿತು ಸೇವಂತಿಗೆ. ಸುಬ್ರಹ್ಮಣ್ಯನ ಪಟದೆದುರು ಕೂತು, "ನಿನಗೆ ಎಲ್ಲ ಭಾಷೆಯೂ ತಿಳಿಯುತ್ತದಲ್ಲ ಸ್ವಾಮಿ, ಒಂದು ಮಾತಿನ ಅರ್ಥ ನನಗೂ ಕೊಡು" ಎಂದು ಬೇಡಿಕೊಂಡಳು.

ಮರುದಿನ ಮದ್ರಮ್ಮನ ಬಳಿ ಸಿಸ್ಟರನ್ನು ಕೂರಿಸಿ ಅವಳು ಕುಂಞಿ ಮೋನುವಿನ ಅಂಗಡಿಗೆ ಹೋದಳು. ಹೊತ್ತು ಕಂತುತ್ತಿತ್ತು. ಮುದುಕ ಅಂಗಡಿ ಮುಚ್ಚುವ ಸನ್ನಾಹದಲ್ಲಿದ್ದ. ಬಾಗಿಲಿಗೆ ಬದಲು ಉದ್ದುದ್ದ ಹಲಗೆಗಳು. ಒಂದರ ಪಕ್ಕ ಒಂದನ್ನು ಕೆಳಗೆ ಕೊರೆದ ಸಂದಿನಲ್ಲಿ ಜಾರಿಸಿ ನಿಲ್ಲಿಸಬೇಕು.

"ಸ್ವಲ್ಪ ನಿಲ್ಲಿ ಸೇವಂತಿಯಕ್ಕ, ಇದೊಂದು ಮುಗಿಸ್ತೇನೆ," ಎಂದು ಅವನು ಹಲಗೆಗಳನ್ನು ಸೇರಿಸುತ್ತ ಬಂದ. ಕೊನೆಯದೊಂದು ಕೈಯಲ್ಲಿ ಉಳಿಯಿತು. ಅದನ್ನು ಹಿಡಿದುಕೊಂಡೇ ರಸ್ತೆಗೆ ತಿರುಗಿ, ಇನ್ನೊಂದು ಕೈ ಚಾಚಿ, ಕತ್ತಲಾಗುತ್ತಿದ್ದ ಪೇಟೆಗೆ ಕೂಗಿದ: "ಯಾರಾದ್ರೂ ಉಂಟಾ ಹೊರಗೆ?"

ಯಾರೂ ಇರಲಿಲ್ಲ. ಅವನು ಕೊನೆಯ ಹಲಗೆ ಎತ್ತಿದ.

ಸೇವಂತಿ ಆ ಹಲಗೆಯನ್ನು ಹಿಡಿದು ನಿಲ್ಲಿಸಿದಳು. "ಮೋನಾಕ. ನೀವು ಈಗ ಎಂತ ಹೇಳಿದ್ದು?"

"ಎಂತ ಹೇಳುದು? ದಿನಾ ಹೇಳುವುದೇ. ದೂರದಿಂದ ಬಂದವರು ಯಾರಾದ್ರೂ ಉಪ್ಪೋ ಎಣ್ಣೆಯೋ ಬೇಕು ಅಂತ ಓಡಿ ಬರ್ತಾ ಇದ್ದರೆ? ಕೇಳದೆ ಹಲಗೆ ಹಾಕಿದರೆ ನನಗೆ ನಿದ್ದೆ ಬರುದಿಲ್ಲ."

ಅದೇ ಹೊತ್ತು. ಅದೇ ಕೈ. ಅದೇ ರಾಗ, ತುದಿಯಲ್ಲಿ ಎತ್ತಿ ಬಿಟ್ಟದ್ದು. ಆಗ ಸೇವಂತಿಗೆ ತನ್ನ ಇಷ್ಟು ವರ್ಷಗಳ ಸಂಜೆಗಳೆಲ್ಲ ಒಟ್ಟಿಗೆ ಕೇಳಿಸಿದವು. ಲಾಟೀನು ಹಿಡಿದು ಆಸ್ಪತ್ರೆಯ ಹೊಸ್ತಿಲಲ್ಲಿ ನಿಂತ ಮದ್ರಮ್ಮ. ಬೆಂಚಿನ ಕಡೆಗೆ ಚಾಚಿದ ಕೈ. ಅವರ ವಕ್ರ ಕನ್ನಡದ "ಸೇವಂತೀ, ಹೊರಗೆ ಯಾರು ಉಂಟು?" ಹೊಳೆಯಾಚೆಯವರು ಕೊನೆಯ ದೋಣಿಗೆ ಬಂದು ತಡವಾಗಿ ಕೂತಿದ್ದರೆ ಅವರನ್ನೂ ನೋಡಿ, ಅವಳು "ಯಾರೂ ಇಲ್ಲ ಮದ್ರಮ್ಮ" ಎಂದ ಮೇಲೆಯೇ ಬಾಗಿಲು. ಒಂದು ದಿನವೂ ತಪ್ಪಿದ್ದಿಲ್ಲ. ಆಸೆಯಲ್ಲ ಅದು. ತಮಗಾಗಿ ಅವರು ಏನನ್ನೂ ಕೇಳಿಯೇ ಇರಲಿಲ್ಲ. ಅತ್ತೆಯ ಹಲಸಿನ ಹಣ್ಣನ್ನು ಇವರ ಬಾಯಲ್ಲಿ ಹುಡುಕುತ್ತಿದ್ದವಳು ತಾನೇ.

"ಯಾರೂ ಇಲ್ಲ ಅನ್ನುದಕ್ಕೆ ಎಂತ ಹೇಳ್ತಾರೆ?" ಎಂದು ಕೇಳಿದಳು.

ಕುಂಞಿ ಮೋನು ಹಲಗೆಗೆ ಒರಗಿ ನೆನಪು ಮಾಡಿದ. "ದೋಣಿ ಬಿಡುವ ಮೊದಲು ಕೇಳ್ತಿದ್ದರು, ಇನ್ನು ಯಾರಾದರೂ ಉಂಟಾ ಅಂತ. ದಡದಿಂದ ಹೇಳ್ತಿದ್ದರು... ನಾದ್ಯೆ. ಹಾಂ. ನಾದ್ಯೆ!"

ಮರುದಿನ ಹೊತ್ತು ಕಂತುವ ಮೊದಲೇ ಸೇವಂತಿ ಮೈ ತೊಳೆದು, ಎರಡೂ ದೀಪ ಹಚ್ಚಿ, ಮಂಚದ ಬಳಿ ನಿಂತಳು. ಪರೀಕ್ಷೆಗೆ ಕೂತ ಮಗುವಿನ ಹಾಗೆ ಬಾಯೊಳಗೇ ನಾದ್ಯೆ, ನಾದ್ಯೆ. ಸಿಸ್ಟರಿಗೆ ಬೆಳಿಗ್ಗೆಯೇ ಎಲ್ಲ ಹೇಳಿದ್ದಳು. ಅವರೇ ಹೋಗಿ ಗೇಟಿನ ಚಿಲಕ ತೆಗೆದಿದ್ದರು.

ಕಿಟಕಿಯ ಬೆಳಕು ಮಾಸಿತು. ಮದ್ರಮ್ಮನ ಎಡಗೈ ಎದ್ದಿತು.

"ಕೇದಾ ಆಲ್ಗ್ಯೆನ್ ಫ್ವೇರಾ?"

ಸೇವಂತಿ ಬಾಯಿ ತೆರೆದಳು. ಆದರೆ ಆ ಪ್ರಶ್ನೆ ಅರ್ಥವಾಗಿ ಕೇಳಿದ್ದೇ ತಡ, ಎಷ್ಟೋ ವರ್ಷದ ಅಭ್ಯಾಸ ಅವಳ ಕುತ್ತಿಗೆಯನ್ನು ತಾನಾಗಿ ಬಾಗಿಲಿಗೆ ತಿರುಗಿಸಿತು. ನೋಡದೆ ಉತ್ತರ ಹೇಳಿದ್ದು ಎಂದೂ ಇಲ್ಲವಲ್ಲ.

ಬೆಂಚಿನ ತುದಿಯಲ್ಲಿ ಒಬ್ಬಳು ಮುದುಡಿ ಕೂತಿದ್ದಳು. ಹೊಳೆಯಾಚೆಯ ಶಂಕರಿ. ಸೆರಗಿನೊಳಗೆ ಮಗು. ಸೇವಂತಿ ಜಗಲಿಗೆ ಬಂದದ್ದು ನೋಡಿ ಅವಳು ಗಾಬರಿಯಿಂದ ಎದ್ದಳು. "ನಾನು ನುಡಿ ಕೇಳ್ಲಿಕ್ಕೆ ಬಂದದ್ದಲ್ಲ ಅಕ್ಕ. ಜ್ವರ. ನಿನ್ನೆಯೂ ಬಂದಿದ್ದೆ, ಗೇಟು ಹಾಕಿತ್ತು."

ಒಳಗಿನಿಂದ ಮತ್ತೆ ಅದೇ ಮಾತು ಕೇಳಿತು, ಈಗ ಇನ್ನೂ ಕ್ಷೀಣವಾಗಿ. ಅಷ್ಟು ಕಷ್ಟಪಟ್ಟು ತಂದ ‘ನಾದ್ಯೆ’ ಸೇವಂತಿಯ ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದನ್ನು ಹೇಳಿದರೆ ಮದ್ರಮ್ಮ ಈಗಲೇ ನೆಮ್ಮದಿಯಿಂದ ಮಲಗುವರು. ಶಂಕರಿಯನ್ನು ಸಿಸ್ಟರು ಆಚೆ ಕೋಣೆಯಲ್ಲಿ ನೋಡಿಕೊಂಡಾರು. ಆದರೆ ಆ ಮನುಷ್ಯರಿಗೆ ಹೊಸ್ತಿಲಲ್ಲಿ ನಿಂತು ಸುಳ್ಳು ಹೇಳುವುದು, ಅದೂ ಅವರ ತಾಯಿಯ ಭಾಷೆಯಲ್ಲಿ?

ಅವಳು ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಮಗುವಿಗೆ ಏನೆನ್ನುತ್ತಾರೋ, ಜ್ವರಕ್ಕೆ ಏನೆನ್ನುತ್ತಾರೋ, ಯಾವುದೂ ಗೊತ್ತಿಲ್ಲ. ಗೊತ್ತಿದ್ದದ್ದು ಕುಂಞಿ ಮೋನು ಹಗ್ಗದ ಕಟ್ಟು ಎಣಿಸಿ ಕಲಿಸಿದ ಲೆಕ್ಕ.

"ಊನಾ," ಎಂದಳು. ಒಬ್ಬಳು.

ಮದ್ರಮ್ಮ ಅವಳನ್ನು ನೋಡಿದರು. ಮಗುವನ್ನು ನೋಡಿದರು. ಆ ಕಣ್ಣುಗಳಿಂದ ತಳಮಳ ಸರಿದು, ಅದರ ಜಾಗದಲ್ಲಿ ಹಳೆಯ ಮದ್ರಮ್ಮ ಬಂದು ಕೂತದ್ದು ಸೇವಂತಿಗೆ ಕಂಡಿತು. ಎಡಗೈ ಮಗುವಿನ ಹಣೆಯ ಮೇಲೆ, ಆಮೇಲೆ ಕಿವಿಯ ಹಿಂದೆ, ಆಮೇಲೆ ಹೊಟ್ಟೆಯ ಮೇಲೆ. ಏನೋ ಹೇಳಿದರು, ಮೆಲ್ಲನೆ, ಒಂದೊಂದಾಗಿ. ಮಾತು ತಿಳಿಯಲಿಲ್ಲ. ಕೈ ತಿಳಿಯಿತು. ಸೇವಂತಿ ಒದ್ದೆ ಬಟ್ಟೆ ತಂದಳು. ಸಿಸ್ಟರ್ ಮದ್ದು ಕಲಸಿ ತಂದು, ತಾವೇ ಮಗುವಿನ ಬಾಯಿಗೆ ಹಾಕಿ, ಶಂಕರಿಗೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದರು. ದೋಣಿ ಹೋಗಿಯಾಗಿತ್ತು.

ಎಲ್ಲ ಆದ ಮೇಲೆ ಮದ್ರಮ್ಮ ಮತ್ತೆ ಕೈ ಚಾಚಿದರು. ಮತ್ತೆ ಕೇಳಿದರು.

ಸೇವಂತಿ ಲಾಟೀನು ಎತ್ತಿಕೊಂಡು ಜಗಲಿಗೆ ಹೋದಳು. ಬೆಂಚು ಖಾಲಿ. ಗೇಟಿನವರೆಗೆ ಹೋಗಿ ಹೊಳೆಯ ದಾರಿಯನ್ನೂ ನೋಡಿದಳು. ಮರಳಿ ಬಂದು ಮಂಚದ ಬಳಿ ನಿಂತು ಹೇಳಿದಳು:

"ನಾದ್ಯೆ, ಮದ್ರಮ್ಮ."

ಮದ್ರಮ್ಮ ದಿಂಬಿಗೆ ತಲೆ ಒರಗಿಸಿದರು. ಕೈ ಹಾಸಿಗೆಗೆ ಇಳಿಯಿತು. ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಮಾತು ಹೇಳಿದರು: "ಥ್ಯೇರ್ರಾ."

ಅದು ಕುಂಞಿ ಮೋನು ಕಲಿಸಿದ್ದಲ್ಲ. ಪದಕೋಶದಲ್ಲಿ ಹುಡುಕಿದ್ದೂ ಅಲ್ಲ. ಸೇವಂತಿ ಹೋಗಿ ಬಾಗಿಲು ಹಾಕಿದಳು.